ಡಿಮಿಟ್ರಿ ಇವಾನೊವಿಚ್ ಮೆಂಡಲೀವ್ (1834–1907): ಜೀವನ ಹಾಗೂ ಸಾಧನೆ

ಪ್ರೌಢಶಾಲೆಗಳ ವಿಜ್ಞಾನ ಕೊಠಡಿಯ ಗೋಡೆಯ ಮೇಲೆ ಸಾಮಾನ್ಯವಾಗಿ ಕಂಡುಬರುವ ನಕ್ಷೆಗಳಲ್ಲಿ ಧಾತುಗಳ ಆವರ್ತ ಕೋಷ್ಟಕವು ಪ್ರಮುಖವಾದುದು. ಜಗತ್ತಿನ ಸಕಲ ವಸ್ತುಗಳಿಗೂ ಆಧಾರವಾದ ಧಾತುಗಳನ್ನು ಒಂದೇ ಹಾಳೆಯಲ್ಲಿ ಕ್ರಮಬದ್ಧವಾಗಿ ತೋರಿಸುವ ಈ ಕೋಷ್ಟಕಕ್ಕೆ ಭದ್ರವಾದ ತಳಹದಿಯನ್ನು ಹಾಕಿದವರು ರಷ್ಯಾ ದೇಶದ ರಸಾಯನ ವಿಜ್ಞಾನಿ ಡಿಮಿಟ್ರಿ ಇವಾನೊವಿಚ್ ಮೆಂಡಲೀವ್. ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕವೊಂದನ್ನು ಬರೆಯುವ ಸಂದರ್ಭದಲ್ಲಿ ಈ ನಿಯಮವು ಅವರಿಗೆ ಗೋಚರವಾಯಿತೆಂಬುದು ಶಿಕ್ಷಣದ ಇತಿಹಾಸದಲ್ಲಿ ಗಮನಾರ್ಹ ಸಂಗತಿಯಾಗಿದೆ. ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸಾಧನೆಗಳ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಮೆಂಡಲೀವ್ ಅವರು 1834ರ ಫೆಬ್ರವರಿ 8ರಂದು (ಅಂದಿನ ರಷ್ಯಾದ ಹಳೆಯ ಪಂಚಾಂಗದಂತೆ ಜನವರಿ 27) ಸೈಬೀರಿಯಾ ಪ್ರಾಂತ್ಯದ ತೊಬೊಲ್ಸ್ಕ್‌ನಲ್ಲಿ ಜನಿಸಿದರು. ತಂದೆ ಇವಾನ್ ಪಾವ್ಲೊವಿಚ್ ಆ ಊರಿನ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದರು. ತಾಯಿ ಮರಿಯಾ ಡಿಮಿಟ್ರಿಯೆವ್ನಾ. ತುಂಬು ಸಂಸಾರದ ಮಕ್ಕಳಲ್ಲಿ ಡಿಮಿಟ್ರಿಯೇ ಕಿರಿಯವನು. ಅವನು ಹುಟ್ಟಿದ ವರ್ಷವೇ ತಂದೆಯು ದೃಷ್ಟಿಯನ್ನು ಕಳೆದುಕೊಂಡು ಹುದ್ದೆಯನ್ನು ತ್ಯಜಿಸಬೇಕಾಯಿತು. ದೊರೆಯುತ್ತಿದ್ದ ಅಲ್ಪ ನಿವೃತ್ತಿ ವೇತನವು ಸಂಸಾರ ನಿರ್ವಹಣೆಗೆ ಸಾಲದಾಯಿತು. ತಾಯಿಯು ಎದೆಗುಂದದೆ, ತಮ್ಮ ಸಹೋದರನಿಗೆ ಸೇರಿದ, ಸಮೀಪದ ಹಳ್ಳಿಯಲ್ಲಿದ್ದ ಗಾಜಿನ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಮಕ್ಕಳನ್ನು ಸಾಕಿದರು. ಮರಳು ಮತ್ತು ಬೂದಿಗಳು ಕುಲುಮೆಯ ಉರಿಯಲ್ಲಿ ಕರಗಿ ಪಾರದರ್ಶಕ ಗಾಜಾಗುವುದನ್ನು ಬಾಲಕ ಡಿಮಿಟ್ರಿ ಕಣ್ಣಾರೆ ನೋಡುತ್ತ ಬೆಳೆದನು.

1847ರಲ್ಲಿ ತಂದೆ ತೀರಿಕೊಂಡರು. ಮರುವರ್ಷ, ಅಂದರೆ 1848ರಲ್ಲಿ, ಗಾಜಿನ ಕಾರ್ಖಾನೆಯು ಬೆಂಕಿಗೆ ಆಹುತಿಯಾಯಿತು. ಕುಟುಂಬದ ಜೀವನಾಧಾರವೇ ಕಳಚಿಬಿದ್ದರೂ ಕಿರಿಯ ಮಗನಿಗೆ ಉನ್ನತ ಶಿಕ್ಷಣವನ್ನು ಕೊಡಿಸಬೇಕೆಂಬ ತಾಯಿಯ ನಿರ್ಧಾರ ಸಡಿಲಗೊಳ್ಳಲಿಲ್ಲ.

ವಿದ್ಯಾಭ್ಯಾಸ

1849ರಲ್ಲಿ ಡಿಮಿಟ್ರಿ ಪ್ರೌಢಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಿದಾಗ ತಾಯಿಯು ಇದ್ದುದೆಲ್ಲವನ್ನೂ ಒಟ್ಟುಗೂಡಿಸಿಕೊಂಡು, ಮಗನನ್ನೂ ಒಬ್ಬ ಮಗಳನ್ನೂ ಕರೆದುಕೊಂಡು ಮಾಸ್ಕೋಗೆ ಹೊರಟರು. ಅಂದು ಸೈಬೀರಿಯಾಕ್ಕೆ ರೈಲು ಸಂಪರ್ಕವಿರಲಿಲ್ಲ. ಸುಮಾರು 2,000 ಕಿಲೋಮೀಟರು ದೂರವನ್ನು ಕುದುರೆಗಾಡಿಯಲ್ಲಿಯೇ ಕ್ರಮಿಸಬೇಕಾಗಿತ್ತು. ಆದರೆ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಪ್ರವೇಶ ದೊರೆಯಲಿಲ್ಲ. ಸೈಬೀರಿಯಾದ ಶಾಲೆಗಳಲ್ಲಿ ಓದಿದವರು ಕಜಾನ್ ವಿಶ್ವವಿದ್ಯಾನಿಲಯಕ್ಕೆ ಸೇರತಕ್ಕದ್ದೆಂಬ ನಿಯಮವು ಅಡ್ಡಿಯಾಯಿತು. ತಾಯಿ ಹಿಂದಿರುಗಲಿಲ್ಲ, ಮಗನೊಂದಿಗೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಪ್ರಯಾಣ ಬೆಳೆಸಿದರು. ಅಲ್ಲಿ ತಂದೆಯು ಹಿಂದೆ ವ್ಯಾಸಂಗ ಮಾಡಿದ್ದ ಕೇಂದ್ರ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ 1850ರಲ್ಲಿ ಡಿಮಿಟ್ರಿಗೆ ಸರ್ಕಾರಿ ವೆಚ್ಚದ ವಿದ್ಯಾರ್ಥಿಯಾಗಿ ಸ್ಥಾನ ಲಭಿಸಿತು. ವ್ಯಾಸಂಗದ ನಂತರ ಶಿಕ್ಷಕ ವೃತ್ತಿಯಲ್ಲಿ ಸೇವೆ ಸಲ್ಲಿಸಬೇಕೆಂಬುದು ಈ ಪ್ರವೇಶದ ಷರತ್ತಾಗಿತ್ತು.

ಮಗನು ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ ತಾಯಿ ನಿಧನರಾದರು. ಅವರು ಪಟ್ಟ ಶ್ರಮವನ್ನು ಮೆಂಡಲೀವ್ ಅವರು ಜೀವನಪರ್ಯಂತ ಮರೆಯಲಿಲ್ಲ. 1887ರಲ್ಲಿ ಪ್ರಕಟವಾದ, ದ್ರಾವಣಗಳನ್ನು ಕುರಿತ ತಮ್ಮ ಗ್ರಂಥವನ್ನು ಅವರು ತಾಯಿಯ ಸ್ಮರಣೆಗೆ ಅರ್ಪಿಸಿದರು.

ವ್ಯಾಸಂಗದ ಅವಧಿಯಲ್ಲಿ ಅವರ ಆರೋಗ್ಯವು ಹದಗೆಟ್ಟಿತು. ಕೆಮ್ಮಿದಾಗ ರಕ್ತ ಕಾಣಿಸಿಕೊಳ್ಳುತ್ತಿತ್ತು. ಕ್ಷಯರೋಗವೆಂದು ವೈದ್ಯರು ಶಂಕಿಸಿದರು. ಹಾಸಿಗೆಯಲ್ಲಿ ಮಲಗಿಕೊಂಡೇ ಅಭ್ಯಾಸ ಮಾಡಬೇಕಾದ ದಿನಗಳೂ ಇದ್ದವು. ಆದಾಗ್ಯೂ 1855ರಲ್ಲಿ ಅವರು ಚಿನ್ನದ ಪದಕದೊಂದಿಗೆ ತೇರ್ಗಡೆ ಹೊಂದಿದರು.

ಪ್ರೌಢಶಾಲಾ ಶಿಕ್ಷಕರಾಗಿ

ಬೆಚ್ಚನೆಯ ಹವೆಯಿರುವ ಪ್ರದೇಶದಲ್ಲಿ ವಾಸಿಸುವುದು ಒಳಿತೆಂಬ ವೈದ್ಯರ ಸಲಹೆಯ ಹಿನ್ನೆಲೆಯಲ್ಲಿ ದಕ್ಷಿಣ ಭಾಗದ ಶಾಲೆಯೊಂದಕ್ಕೆ ಅವರ ನೇಮಕವಾಯಿತು. 1855ರಲ್ಲಿ ಕ್ರಿಮಿಯಾದ ಸಿಂಫೆರೊಪೊಲ್ ಪ್ರೌಢಶಾಲೆಗೆ ಅವರು ವಿಜ್ಞಾನ ಶಿಕ್ಷಕರಾಗಿ ತೆರಳಿದರು. ಆದರೆ ಆಗ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. ಊರು ಗಾಯಾಳುಗಳಿಂದ ತುಂಬಿತ್ತು. ಶಾಲೆಯಲ್ಲಿ ಪಾಠಪ್ರವಚನಗಳು ನಿಂತುಹೋಗಿದ್ದವು. ಅಲ್ಲಿಯೇ ಸೇವೆಯಲ್ಲಿದ್ದ ಪ್ರಸಿದ್ಧ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೊವ್ ಅವರು ಮೆಂಡಲೀವ್ ಅವರನ್ನು ಪರೀಕ್ಷಿಸಿ, ಕಾಯಿಲೆಯು ಪ್ರಾಣಾಂತಿಕವಾದುದಲ್ಲವೆಂದು ಧೈರ್ಯ ಹೇಳಿದರು. ಅದೇ ವರ್ಷ ಮೆಂಡಲೀವ್ ಅವರು ಒಡೆಸ್ಸಾ ನಗರದ ಶಾಲೆಗೆ ವರ್ಗಾವಣೆಗೊಂಡು ಹದಿಹರೆಯದ ವಿದ್ಯಾರ್ಥಿಗಳಿಗೆ ಬೋಧಿಸಿದರು.

ಪ್ರೌಢಶಾಲೆಯಲ್ಲಿನ ಅವರ ಸೇವೆಯು ಅಲ್ಪಕಾಲದ್ದಾಗಿತ್ತು. 1856ರಲ್ಲಿ ರಾಜಧಾನಿಗೆ ಹಿಂದಿರುಗಿ ಸ್ನಾತಕೋತ್ತರ ಪದವಿಯನ್ನು ಪಡೆದ ಅವರು, 1857ರಿಂದ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕರಾಗಿ ಕಾರ್ಯಾರಂಭ ಮಾಡಿದರು. ಅಲ್ಲಿಂದ ಮುಂದಕ್ಕೆ ಬೋಧನೆಯೇ ಅವರ ಜೀವನದ ಮುಖ್ಯ ಕಾಯಕವಾಯಿತು.

ಪರಮಾಣು ತೂಕದ ಗೊಂದಲ ಹಾಗೂ ಕಾರ್ಲ್ಸ್‌ರೂ ಸಮ್ಮೇಳನ

1859ರಿಂದ 1861ರವರೆಗೆ ಮೆಂಡಲೀವ್ ಅವರು ಸರ್ಕಾರದ ನೆರವಿನಿಂದ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಸಂಶೋಧನೆ ನಡೆಸಿದರು. ತಾವು ವಾಸಿಸುತ್ತಿದ್ದ ಮನೆಯಲ್ಲಿಯೇ ಚಿಕ್ಕ ಪ್ರಯೋಗಾಲಯವನ್ನು ಏರ್ಪಡಿಸಿಕೊಂಡು ದ್ರವಗಳ ಗುಣಗಳನ್ನು ಪರಿಶೀಲಿಸಿದರು.

ಆ ಕಾಲದಲ್ಲಿ ರಸಾಯನ ವಿಜ್ಞಾನವು ಒಂದು ದೊಡ್ಡ ಗೊಂದಲದಲ್ಲಿ ಸಿಲುಕಿತ್ತು. ಧಾತುಗಳ ಪರಮಾಣು ತೂಕದ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. ಒಬ್ಬರು ಆಮ್ಲಜನಕದ ಪರಮಾಣು ತೂಕವನ್ನು 8 ಎಂದು ಗಣಿಸಿದರೆ ಇನ್ನೊಬ್ಬರು 16 ಎಂದು ಗಣಿಸುತ್ತಿದ್ದರು. ಇದರಿಂದಾಗಿ ಒಂದೇ ಸಂಯುಕ್ತಕ್ಕೆ ಹಲವು ಸೂತ್ರಗಳು ಬಳಕೆಯಲ್ಲಿದ್ದವು. ಈ ಗೊಂದಲವನ್ನು ನಿವಾರಿಸುವ ಉದ್ದೇಶದಿಂದ 1860ರ ಸೆಪ್ಟೆಂಬರ್ ತಿಂಗಳಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದಲ್ಲಿ ರಸಾಯನ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನವು ಜರುಗಿತು. ಯುವಕ ಮೆಂಡಲೀವ್ ಅವರೂ ಅದರಲ್ಲಿ ಭಾಗವಹಿಸಿದರು. ಇಟಲಿಯ ಸ್ಟಾನಿಸ್ಲಾವೊ ಕನಿಜ್ಜಾರೊ ಅವರು ತಮ್ಮದೇ ದೇಶದ ಅವೊಗಾಡ್ರೊ ಅವರ ತತ್ತ್ವವನ್ನು ಆಧರಿಸಿ ಪರಮಾಣು ತೂಕಗಳನ್ನು ಏಕರೀತಿಯಲ್ಲಿ ನಿರ್ಧರಿಸುವ ಕ್ರಮವನ್ನು ಅಲ್ಲಿ ಪ್ರತಿಪಾದಿಸಿದರು. ಕನಿಜ್ಜಾರೊ ಅವರು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕ್ರಮವನ್ನು ವಿವರಿಸಿ ಬರೆದಿದ್ದ ಕಿರುಹೊತ್ತಿಗೆಯ ಪ್ರತಿಗಳನ್ನು ಸಮ್ಮೇಳನದ ಕೊನೆಯಲ್ಲಿ ಹಂಚಲಾಯಿತು. ವಿಶ್ವಾಸಾರ್ಹವಾದ ಪರಮಾಣು ತೂಕಗಳು ದೊರೆತ ಬಳಿಕವೇ ಧಾತುಗಳನ್ನು ಒಂದು ಕ್ರಮದಲ್ಲಿ ಜೋಡಿಸಲು ಸಾಧ್ಯವಾಯಿತು.

ಪಠ್ಯಪುಸ್ತಕ ರಚನೆ

1861ರಲ್ಲಿ ಸ್ವದೇಶಕ್ಕೆ ಮರಳಿದ ಮೆಂಡಲೀವ್ ಅವರು ಸಾವಯವ ರಸಾಯನ ವಿಜ್ಞಾನವನ್ನು ಕುರಿತು ರಷ್ಯನ್ ಭಾಷೆಯಲ್ಲಿ ಪಠ್ಯಪುಸ್ತಕವನ್ನು ರಚಿಸಿದರು. ಅದಕ್ಕೆ 1862ರಲ್ಲಿ ಡೆಮಿಡೊವ್ ಬಹುಮಾನ ಲಭಿಸಿತು. 1864ರಲ್ಲಿ ತಾಂತ್ರಿಕ ಸಂಸ್ಥೆಯೊಂದರಲ್ಲಿ ಪ್ರಾಧ್ಯಾಪಕರಾದರು. 1865ರಲ್ಲಿ ಮದ್ಯಸಾರ ಮತ್ತು ನೀರಿನ ಸಂಯೋಗವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ಪಡೆದರು. 1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಸಾಮಾನ್ಯ ರಸಾಯನ ವಿಜ್ಞಾನದ ಪೀಠವನ್ನು ಅಲಂಕರಿಸಿದರು.

ಪ್ರಾಧ್ಯಾಪಕರಾದ ಕೂಡಲೇ ಅವರಿಗೆ ಎದುರಾದ ಸಮಸ್ಯೆಯೆಂದರೆ, ಪ್ರಾರಂಭಿಕ ತರಗತಿಯ ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ಸಮರ್ಪಕ ಪುಸ್ತಕವು ರಷ್ಯನ್ ಭಾಷೆಯಲ್ಲಿ ಇಲ್ಲದಿದ್ದುದು. ಆದುದರಿಂದ ಅವರು 'ರಸಾಯನ ವಿಜ್ಞಾನದ ಮೂಲತತ್ತ್ವಗಳು' ಎಂಬ ಅರ್ಥದ ಶೀರ್ಷಿಕೆಯುಳ್ಳ ಗ್ರಂಥವನ್ನು ಬರೆಯಲು 1868ರಲ್ಲಿ ಆರಂಭಿಸಿದರು. ಮೊದಲ ಸಂಪುಟದಲ್ಲಿ ಜಲಜನಕ, ಆಮ್ಲಜನಕ, ಸಾರಜನಕ, ಇಂಗಾಲ ಹಾಗೂ ಹ್ಯಾಲೊಜನ್ ವರ್ಗದ ಧಾತುಗಳ ವಿವರಣೆಯೇ ಮುಗಿಯುವಷ್ಟರಲ್ಲಿ ಪುಟಗಳು ತುಂಬಿಹೋದವು. ಅಂದು ತಿಳಿದಿದ್ದ ಧಾತುಗಳ ಸಂಖ್ಯೆ 63. ಐವತ್ತಕ್ಕೂ ಮಿಕ್ಕಿ ಧಾತುಗಳನ್ನು ಎರಡನೆಯ ಸಂಪುಟದಲ್ಲಿ ವಿವರಿಸಬೇಕಾಗಿತ್ತು.

ಒಂದೊಂದು ಧಾತುವನ್ನೂ ಬಿಡಿಬಿಡಿಯಾಗಿ ವಿವರಿಸುತ್ತ ಹೋದರೆ ಪುಸ್ತಕಕ್ಕೆ ಕೊನೆಯಿರುವುದಿಲ್ಲ. ವಿದ್ಯಾರ್ಥಿಯ ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಯಾವ ಧಾತುವಿನ ನಂತರ ಯಾವುದನ್ನು ಬೋಧಿಸಬೇಕು, ಹಾಗೆ ಬೋಧಿಸುವುದಕ್ಕೆ ಆಧಾರವೇನು ಎಂಬ ಪ್ರಶ್ನೆಯು ಅವರನ್ನು ಕಾಡಿತು. ಈ ಪ್ರಶ್ನೆಗೆ ಉತ್ತರವನ್ನು ಅರಸುವಾಗಲೇ ಆವರ್ತಕ ನಿಯಮವು ರೂಪುಗೊಂಡಿತು.

ಆವರ್ತಕ ನಿಯಮದ ಆವಿಷ್ಕಾರ

ಪರಸ್ಪರ ವಿರುದ್ಧ ಸ್ವಭಾವದ ಎರಡು ವರ್ಗಗಳನ್ನು ಮೆಂಡಲೀವ್ ಅವರು ಅಕ್ಕಪಕ್ಕದಲ್ಲಿ ಇಟ್ಟು ಪರಿಶೀಲಿಸಿದರು. ಒಂದು ಕ್ಲೋರಿನ್, ಬ್ರೋಮಿನ್, ಅಯೊಡಿನ್ ಮುಂತಾದ ಹ್ಯಾಲೊಜನ್‌ಗಳ ವರ್ಗ. ಮತ್ತೊಂದು ಸೋಡಿಯಂ, ಪೊಟ್ಯಾಸಿಯಂ ಮುಂತಾದ ಕ್ಷಾರ ಲೋಹಗಳ ವರ್ಗ. ಕ್ಲೋರಿನ್‌ನ ಪರಮಾಣು ತೂಕ 35.5, ಪೊಟ್ಯಾಸಿಯಂನದು 39. ಬ್ರೋಮಿನ್‌ನದು 80, ರುಬಿಡಿಯಂನದು 85. ಅಯೊಡಿನ್‌ನದು 127, ಸೀಸಿಯಂನದು 133. ಗುಣದಲ್ಲಿ ಅಜಗಜಾಂತರವಿದ್ದರೂ ಪರಮಾಣು ತೂಕದಲ್ಲಿ ಈ ಜೋಡಿಗಳು ಪರಸ್ಪರ ಸಮೀಪವಾಗಿವೆ ಎಂಬುದು ಸ್ಪಷ್ಟವಾಯಿತು. ಉಳಿದ ಧಾತುಗಳನ್ನೂ ಇದೇ ರೀತಿ ಪರಮಾಣು ತೂಕದ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ, ನಿಯತ ಅಂತರದ ನಂತರ ಒಂದೇ ಬಗೆಯ ಗುಣಗಳು ಮರುಕಳಿಸುವುದು ಕಂಡುಬಂದಿತು. ಇದೇ ಆವರ್ತಕ ನಿಯಮ.

ಹಳೆಯ ಪಂಚಾಂಗದ 1869ರ ಫೆಬ್ರವರಿ 17ರಂದು, ಅಂದರೆ ಮಾರ್ಚ್ 1ರಂದು, ಅವರು ಈ ಜೋಡಣೆಯನ್ನು ಸಿದ್ಧಪಡಿಸಿದರು. ಹಳ್ಳಿಗಾಡಿನ ಚೀಸ್ ತಯಾರಿಕಾ ಘಟಕಗಳ ಪರಿಶೀಲನೆಗೆ ತೆರಳಬೇಕಾಗಿದ್ದ ಅವರು, ಆ ಸಂಬಂಧವಾಗಿ ಬಂದಿದ್ದ ಪತ್ರವೊಂದರ ಹಿಂಬದಿಯಲ್ಲಿಯೇ ಪರಮಾಣು ತೂಕಗಳ ಸಾಲುಗಳನ್ನು ಬರೆದು ನೋಡಿದ್ದರು. ಆ ಪತ್ರವು ಇಂದಿಗೂ ಸಂರಕ್ಷಿತವಾಗಿದೆ. ಕೋಷ್ಟಕವು ಅವರಿಗೆ ಕನಸಿನಲ್ಲಿ ಕಾಣಿಸಿತೆಂಬ ಕಥೆಯು ಪ್ರಚಾರದಲ್ಲಿದೆಯಾದರೂ, ಹೊಡೆದುಹಾಕಿ ತಿದ್ದಿ ಬರೆದ ಕರಡುಗಳು ಅದರ ಹಿಂದಿನ ಪರಿಶ್ರಮಕ್ಕೆ ಸಾಕ್ಷಿಯಾಗಿವೆ. ಮೆಂಡಲೀವ್ ಅವರ ಅನುಪಸ್ಥಿತಿಯಲ್ಲಿ, 1869ರ ಮಾರ್ಚ್ ತಿಂಗಳಿನಲ್ಲಿ, ಸಹೋದ್ಯೋಗಿ ನಿಕೊಲಾಯ್ ಮೆನ್ಶುಟ್ಕಿನ್ ಅವರು ಈ ಸಂಶೋಧನೆಯನ್ನು ರಷ್ಯನ್ ರಸಾಯನ ವಿಜ್ಞಾನ ಸಂಘದ ಮುಂದೆ ಮಂಡಿಸಿದರು.

ಧಾತುಗಳನ್ನು ವರ್ಗೀಕರಿಸುವ ಪ್ರಯತ್ನಗಳು ಇದಕ್ಕೂ ಮೊದಲೇ ನಡೆದಿದ್ದವು. ಜರ್ಮನಿಯ ಡೊಬರೈನರ್, ಫ್ರಾನ್ಸಿನ ಶಾಂಕುರ್ತುವಾ, ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ ಹಾಗೂ ಜರ್ಮನಿಯ ಲೋಥರ್ ಮೇಯರ್ ಅವರ ಕೊಡುಗೆಗಳನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಮೇಯರ್ ಅವರು ಸ್ವತಂತ್ರವಾಗಿ ಬಹುಮಟ್ಟಿಗೆ ಇದೇ ನಿಲುವಿಗೆ ಬಂದಿದ್ದರು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಡೇವಿ ಪದಕವನ್ನು ಇವರಿಬ್ಬರಿಗೂ ಜಂಟಿಯಾಗಿ ನೀಡಿ ಗೌರವಿಸಿತು.

ಖಾಲಿ ಸ್ಥಾನಗಳು ಮತ್ತು ಸಂಸ್ಕೃತದ ಸಂಖ್ಯಾವಾಚಕಗಳು

ಮೆಂಡಲೀವ್ ಅವರ ಕೋಷ್ಟಕದ ವೈಶಿಷ್ಟ್ಯವು ಅದರಲ್ಲಿದ್ದ ಖಾಲಿ ಸ್ಥಾನಗಳಲ್ಲಿ ಅಡಗಿತ್ತು. ಗುಣಗಳು ಹೊಂದಿಕೆಯಾಗದ ಕಡೆ ಧಾತುವನ್ನು ಬಲವಂತವಾಗಿ ಕೂರಿಸದೆ, ಆ ಸ್ಥಾನವನ್ನು ಅವರು ತೆರವಾಗಿ ಬಿಟ್ಟರು. 1869ರ ಕೋಷ್ಟಕದಲ್ಲಿ 45, 68, 70 ಮತ್ತು 180 ಎಂಬ ಪರಮಾಣು ತೂಕಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆಗಳನ್ನು ಮಾತ್ರ ನಮೂದಿಸಲಾಗಿತ್ತು. 1871ರ ಲೇಖನದಲ್ಲಿ ಇನ್ನೂ ಮುಂದುವರಿದು, ಅಲ್ಲಿಯವರೆಗೆ ಯಾರೂ ಕಂಡಿರದ ಮೂರು ಧಾತುಗಳ ಗುಣಗಳನ್ನು ಸವಿಸ್ತಾರವಾಗಿ ಬರೆದರು.

ಈ ಅಜ್ಞಾತ ಧಾತುಗಳಿಗೆ ಹೆಸರಿಡುವಾಗ ಅವರು ಸಂಸ್ಕೃತದ ಸಂಖ್ಯಾವಾಚಕಗಳನ್ನು ಬಳಸಿದರೆಂಬುದು ಕನ್ನಡಿಗರಿಗೆ ಆಸಕ್ತಿಯ ವಿಷಯವಾಗಿದೆ. ತಿಳಿದಿರುವ ಧಾತುವಿನಿಂದ ಅದೇ ಗುಂಪಿನಲ್ಲಿ ಒಂದು ಸ್ಥಾನ ಮುಂದಿರುವುದಕ್ಕೆ 'ಏಕ' ಎಂದೂ, ಎರಡು ಸ್ಥಾನ ಮುಂದಿರುವುದಕ್ಕೆ 'ದ್ವಿ' ಎಂದೂ, ಮೂರು ಸ್ಥಾನ ಮುಂದಿರುವುದಕ್ಕೆ 'ತ್ರಿ' ಎಂದೂ ಸೇರಿಸಿದರು. ಅವರು ಮುನ್ಸೂಚಿಸಿದ ಮೂರು ಪ್ರಮುಖ ಧಾತುಗಳ ವಿವರ ಕೆಳಕಂಡಂತಿದೆ:

1. ಏಕ-ಅಲ್ಯೂಮಿನಿಯಂ: ಪರಮಾಣು ತೂಕ ಸುಮಾರು 68 ಎಂದು ಮುನ್ಸೂಚನೆ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೊದ್ರಾನ್ ಅವರು ಕಂಡುಹಿಡಿದರು. ಇಂದಿನ ಹೆಸರು ಗ್ಯಾಲಿಯಂ. ಪರಮಾಣು ತೂಕ 69.7.

2. ಏಕ-ಬೋರಾನ್: ಪರಮಾಣು ತೂಕ ಸುಮಾರು 44 ಎಂದು ಮುನ್ಸೂಚನೆ. 1879ರಲ್ಲಿ ಸ್ವೀಡನ್ನಿನ ನಿಲ್ಸನ್ ಅವರು ಕಂಡುಹಿಡಿದರು. ಇಂದಿನ ಹೆಸರು ಸ್ಕ್ಯಾಂಡಿಯಂ. ಪರಮಾಣು ತೂಕ 45.

3. ಏಕ-ಸಿಲಿಕಾನ್: ಪರಮಾಣು ತೂಕ ಸುಮಾರು 72, ಸಾಂದ್ರತೆ 5.5 ಎಂದು ಮುನ್ಸೂಚನೆ. 1886ರಲ್ಲಿ ಜರ್ಮನಿಯ ವಿಂಕ್ಲರ್ ಅವರು ಕಂಡುಹಿಡಿದರು. ಇಂದಿನ ಹೆಸರು ಜರ್ಮೇನಿಯಂ. ಪರಮಾಣು ತೂಕ 72.6, ಸಾಂದ್ರತೆ 5.3.

ಗ್ಯಾಲಿಯಂನ ವಿಷಯದಲ್ಲಿ ಒಂದು ಸ್ವಾರಸ್ಯಕರ ಘಟನೆಯು ನಡೆಯಿತು. ಬ್ವಾಬೊದ್ರಾನ್ ಅವರು ಅದರ ಸಾಂದ್ರತೆಯನ್ನು ಮೊದಲಿಗೆ 4.7 ಎಂದು ಪ್ರಕಟಿಸಿದ್ದರು. ಆ ಲೋಹವನ್ನು ಎಂದೂ ಕಣ್ಣಿನಿಂದ ನೋಡಿರದ ಮೆಂಡಲೀವ್ ಅವರು, ಸಾಂದ್ರತೆಯು 5.9ರ ಆಸುಪಾಸಿನಲ್ಲಿ ಇರಬೇಕೆಂದೂ ಮಾದರಿಯು ಶುದ್ಧವಾಗಿಲ್ಲದಿರಬಹುದೆಂದೂ ತಿಳಿಸಿದರು. ಮಾದರಿಯನ್ನು ಮತ್ತೆ ಶುದ್ಧೀಕರಿಸಿ ಅಳೆದಾಗ 5.9 ಎಂಬ ಬೆಲೆಯೇ ದೊರೆಯಿತು. ಈ ಘಟನೆಯ ನಂತರ ಯುರೋಪಿನ ವಿಜ್ಞಾನಿಗಳು ಆವರ್ತಕ ನಿಯಮವನ್ನು ಗಂಭೀರವಾಗಿ ಪರಿಗಣಿಸತೊಡಗಿದರು.

ಆ ಕಾಲದಲ್ಲಿ ಒಪ್ಪಿತವಾಗಿದ್ದ ಕೆಲವು ಪರಮಾಣು ತೂಕಗಳು ತಪ್ಪೆಂಬುದನ್ನೂ ಅವರು ಕೋಷ್ಟಕದ ಆಧಾರದಿಂದ ತೋರಿಸಿದರು. ಯುರೇನಿಯಂನ ಪರಮಾಣು ತೂಕವನ್ನು 120ರಿಂದ 240ಕ್ಕೆ ಏರಿಸಿದ್ದು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕೋಷ್ಟಕಕ್ಕೆ ಎದುರಾದ ಪ್ರಶ್ನೆಗಳು

ಮೆಂಡಲೀವ್ ಅವರ ಎಲ್ಲ ನಿಲುವುಗಳೂ ಸರಿಯಾಗಿದ್ದವೆಂದು ಭಾವಿಸಬೇಕಾಗಿಲ್ಲ. ಗುಣಗಳ ಆಧಾರದ ಮೇಲೆ ಅವರು ಟೆಲ್ಯೂರಿಯಂ ಅನ್ನು ಅಯೊಡಿನ್‌ಗಿಂತ ಮೊದಲು ಇರಿಸಿದರು. ಆದರೆ ಟೆಲ್ಯೂರಿಯಂನ ಪರಮಾಣು ತೂಕವೇ ಹೆಚ್ಚು ಎಂದು ಅಳತೆಗಳು ತೋರಿಸುತ್ತಿದ್ದವು. ಅಳತೆಯಲ್ಲಿಯೇ ದೋಷವಿದೆಯೆಂದು ಅವರು ನಂಬಿದ್ದರು. ಅಳತೆ ಸರಿಯಾಗಿಯೇ ಇತ್ತು; ಟೆಲ್ಯೂರಿಯಂನದು 127.6, ಅಯೊಡಿನ್‌ನದು 126.9. ಸ್ಥಾನ ಸರಿಯಾಗಿದ್ದರೂ ಅದಕ್ಕೆ ನೀಡಿದ ಕಾರಣ ಸರಿಯಾಗಿರಲಿಲ್ಲ.

1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಅವರು ಆರ್ಗಾನ್ ಅನಿಲವನ್ನು ಕಂಡುಹಿಡಿದಾಗ ಕೋಷ್ಟಕದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಅದು ಮೂರು ಪರಮಾಣುಗಳುಳ್ಳ ಸಾರಜನಕವಿರಬಹುದೆಂದು ಮೆಂಡಲೀವ್ ಅವರು ಮೊದಲು ಶಂಕಿಸಿದರು. ಹೀಲಿಯಂ, ನಿಯಾನ್ ಮುಂತಾದ ಇತರ ಜಡಾನಿಲಗಳೂ ದೊರೆತ ಮೇಲೆ ಅವುಗಳಿಗಾಗಿ ಪ್ರತ್ಯೇಕ ಗುಂಪನ್ನು ಒಪ್ಪಿಕೊಂಡರು. ಇಡೀ ಗುಂಪೊಂದು ಹೊಸದಾಗಿ ಸೇರಿದರೂ ಕೋಷ್ಟಕವು ಕುಸಿಯಲಿಲ್ಲ, ಮತ್ತಷ್ಟು ದೃಢವಾಯಿತು.

1897ರಲ್ಲಿ ಜೆ.ಜೆ. ಥಾಮ್ಸನ್ ಅವರು ಎಲೆಕ್ಟ್ರಾನನ್ನು ಗುರುತಿಸಿದರು. ಪರಮಾಣುವಿಗಿಂತಲೂ ಚಿಕ್ಕ ಕಣಗಳಿವೆ, ಒಂದು ಧಾತುವು ಮತ್ತೊಂದಾಗಿ ಮಾರ್ಪಡುತ್ತದೆ ಎಂಬ ವಿಚಾರಗಳನ್ನು ಮೆಂಡಲೀವ್ ಅವರು ಕೊನೆಯವರೆಗೂ ಮನಃಪೂರ್ವಕವಾಗಿ ಒಪ್ಪಲಿಲ್ಲ. ಆದರೆ ಅವರು ರೂಪಿಸಿದ ಕೋಷ್ಟಕದ ನಿಜವಾದ ಕಾರಣವು ಆ ಚಿಕ್ಕ ಕಣಗಳಲ್ಲಿಯೇ ಅಡಗಿತ್ತು.

ಪರಮಾಣು ರಚನೆ ಮತ್ತು ಆವರ್ತ ಕೋಷ್ಟಕ

ಪರಮಾಣುವಿನ ಮಧ್ಯದಲ್ಲಿ ಧನ ವಿದ್ಯುದಂಶವುಳ್ಳ ಬೀಜಕೇಂದ್ರವಿದೆಯೆಂದು 1911ರಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಅವರು ತಿಳಿಸಿದರು. 1913ರಲ್ಲಿ ಇಂಗ್ಲೆಂಡಿನ ಯುವ ವಿಜ್ಞಾನಿ ಹೆನ್ರಿ ಮೋಸ್ಲೆ ಅವರು ಧಾತುಗಳಿಂದ ಹೊರಹೊಮ್ಮುವ ಎಕ್ಸ್-ಕಿರಣಗಳನ್ನು ಅಳೆದು, ಪ್ರತಿ ಧಾತುವಿಗೂ ಒಂದು ನಿಶ್ಚಿತ ಕ್ರಮಸಂಖ್ಯೆಯಿದೆಯೆಂದು ಕಂಡುಕೊಂಡರು. ಇದೇ ಪರಮಾಣು ಸಂಖ್ಯೆ. ಅಂದರೆ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ. ಟೆಲ್ಯೂರಿಯಂನ ಸಂಖ್ಯೆ 52, ಅಯೊಡಿನ್‌ನದು 53. ಮೆಂಡಲೀವ್ ಅವರು ಇರಿಸಿದ್ದ ಕ್ರಮವೇ ಸರಿಯೆಂದು ಇದರಿಂದ ಸಿದ್ಧವಾಯಿತು. ಮೋಸ್ಲೆ ಅವರು 1915ರಲ್ಲಿ, ತಮ್ಮ 27ನೇ ವಯಸ್ಸಿನಲ್ಲಿ, ಗಲಿಪೊಲಿಯ ಯುದ್ಧಭೂಮಿಯಲ್ಲಿ ಮರಣ ಹೊಂದಿದರು.

ಗುಣಗಳು ಮರುಕಳಿಸುವುದೇಕೆ ಎಂಬ ಪ್ರಶ್ನೆಗೆ ಎಲೆಕ್ಟ್ರಾನುಗಳ ಜೋಡಣೆಯು ಉತ್ತರ ನೀಡುತ್ತದೆ. ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಕವಚಗಳಲ್ಲಿ ಹಂಚಿಕೆಯಾಗಿವೆ. ಲಿಥಿಯಂನಲ್ಲಿ ಈ ಹಂಚಿಕೆ 2, 1. ಸೋಡಿಯಂನಲ್ಲಿ 2, 8, 1. ಪೊಟ್ಯಾಸಿಯಂನಲ್ಲಿ 2, 8, 8, 1. ಮೂರರಲ್ಲಿಯೂ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನಿದೆ. ಅದನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ಮೂರೂ ಲೋಹಗಳು ನೀರಿನೊಂದಿಗೆ ವರ್ತಿಸಿ ಕ್ಷಾರವನ್ನು ಉಂಟುಮಾಡುತ್ತವೆ. ಕ್ಲೋರಿನ್‌ನ ಹಂಚಿಕೆ 2, 8, 7. ಹೊರಕವಚವು ಪೂರ್ಣಗೊಳ್ಳಲು ಒಂದು ಎಲೆಕ್ಟ್ರಾನು ಕಡಿಮೆಯಿರುವುದರಿಂದ ಅದು ಪಡೆದುಕೊಳ್ಳುವ ಸ್ವಭಾವದ್ದು. ಕೊಡುವ ಸೋಡಿಯಂ ಮತ್ತು ಪಡೆಯುವ ಕ್ಲೋರಿನ್ ಸೇರಿ ನಾವು ನಿತ್ಯ ಬಳಸುವ ಅಡುಗೆ ಉಪ್ಪಾಗುತ್ತದೆ. ಆರ್ಗಾನ್‌ನ ಹಂಚಿಕೆ 2, 8, 8. ಹೊರಕವಚದ ಎಂಟು ಎಲೆಕ್ಟ್ರಾನುಗಳ ಜೋಡಣೆಯು ಬಹಳ ಸ್ಥಿರವಾದುದರಿಂದ ಅದು ಸಾಮಾನ್ಯವಾಗಿ ಇತರ ಧಾತುಗಳೊಡನೆ ಬೆರೆಯುವುದಿಲ್ಲ.

ಇಂದಿನ ಕೋಷ್ಟಕದಲ್ಲಿ 7 ಆವರ್ತಗಳೂ 18 ಗುಂಪುಗಳೂ ಇವೆ. ಆವರ್ತಗಳಲ್ಲಿ ಕ್ರಮವಾಗಿ 2, 8, 8, 18, 18, 32, 32 ಧಾತುಗಳಿದ್ದು, ಒಟ್ಟು ಸಂಖ್ಯೆ 118.

ಸಾರ್ವಜನಿಕ ಜೀವನ

ಮೆಂಡಲೀವ್ ಅವರ ಆಸಕ್ತಿಯು ಪ್ರಯೋಗಾಲಯಕ್ಕೆ ಸೀಮಿತವಾಗಿರಲಿಲ್ಲ. ಕೃಷಿ, ಪೆಟ್ರೋಲಿಯಂ, ಕಲ್ಲಿದ್ದಲು ಹಾಗೂ ಸುಂಕ ನೀತಿಯ ವಿಷಯಗಳಲ್ಲಿ ಅವರು ಸರ್ಕಾರಕ್ಕೆ ಸಲಹೆ ನೀಡಿದರು. ಬಾಕು ಪ್ರದೇಶದ ತೈಲ ಬಾವಿಗಳನ್ನು ಪರಿಶೀಲಿಸಿದ ಅವರು, 1876ರಲ್ಲಿ ಅಮೆರಿಕಕ್ಕೆ ತೆರಳಿ ಪೆನ್ಸಿಲ್ವೇನಿಯಾದ ತೈಲೋದ್ಯಮವನ್ನು ಅಧ್ಯಯನ ಮಾಡಿದರು. 1887ರ ಆಗಸ್ಟ್ ತಿಂಗಳಿನ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಕ್ಲಿನ್ ಎಂಬಲ್ಲಿ ಬಲೂನನ್ನು ಸಿದ್ಧಪಡಿಸಲಾಗಿತ್ತು. ಮಳೆಯಿಂದ ತೊಯ್ದ ಬಲೂನು ಇಬ್ಬರನ್ನು ಹೊರಲಾರದಾದಾಗ, ಚಾಲಕನನ್ನು ಕೆಳಗಿಳಿಸಿ 53 ವರ್ಷ ವಯಸ್ಸಿನ ಮೆಂಡಲೀವ್ ಅವರು ಒಬ್ಬರೇ ಮೇಲೇರಿ, ಸುರಕ್ಷಿತವಾಗಿ ಕೆಳಗಿಳಿದರು.

ಅವರ ಉಪನ್ಯಾಸಗಳಿಗೆ ಇತರ ವಿಭಾಗಗಳ ವಿದ್ಯಾರ್ಥಿಗಳೂ ಬಂದು ಸೇರುತ್ತಿದ್ದರು. ಮಹಿಳೆಯರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ, ಮಹಿಳೆಯರ ಉನ್ನತ ಶಿಕ್ಷಣ ತರಗತಿಗಳಲ್ಲಿಯೂ ಅವರು ಬೋಧಿಸಿದರು.

ಖ್ಯಾತಿಯೊಂದಿಗೆ ನಿರಾಶೆಯೂ ಅವರ ಪಾಲಿಗೆ ಬಂದಿತು. 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಸದಸ್ಯತ್ವದ ಚುನಾವಣೆಯಲ್ಲಿ ಅವರಿಗೆ ಅಗತ್ಯ ಮತಗಳು ದೊರೆಯಲಿಲ್ಲ. ಇದನ್ನು ವಿರೋಧಿಸಿ ದೇಶದಾದ್ಯಂತ ಪತ್ರಿಕೆಗಳಲ್ಲಿ ಟೀಕೆಗಳು ಪ್ರಕಟವಾದವು. 1890ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳ ಚಳವಳಿ ನಡೆದಾಗ, ಶಾಂತಿಯುತವಾಗಿ ಮನವಿ ಸಲ್ಲಿಸುವಂತೆ ಮೆಂಡಲೀವ್ ಅವರು ಅವರ ಮನವೊಲಿಸಿದರು. ಆ ಮನವಿ ಪತ್ರವನ್ನು ಸ್ವತಃ ತೆಗೆದುಕೊಂಡು ಹೋಗಿ ಶಿಕ್ಷಣ ಸಚಿವ ಡೆಲ್ಯಾನೊವ್ ಅವರಿಗೆ ತಲುಪಿಸಿದರು. ಸರ್ಕಾರಿ ಸೇವೆಯಲ್ಲಿರುವವರು ಇಂತಹ ಮನವಿಯನ್ನು ಸ್ವೀಕರಿಸತಕ್ಕದ್ದಲ್ಲವೆಂಬ ಕಾರಣದಿಂದ ಅದನ್ನು ಹಿಂದಿರುಗಿಸಲಾಯಿತು. ವಿದ್ಯಾರ್ಥಿಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗದ ಸ್ಥಿತಿಯಲ್ಲಿ ಮೆಂಡಲೀವ್ ಅವರು 33 ವರ್ಷಗಳ ಕಾಲ ಬೋಧಿಸಿದ ವಿಶ್ವವಿದ್ಯಾನಿಲಯವನ್ನು ತೊರೆದರು.

ಅಂತಿಮ ವರ್ಷಗಳು

1892ರಲ್ಲಿ ಅವರನ್ನು ತೂಕ ಮತ್ತು ಅಳತೆಗಳ ಮಾದರಿ ಸಂಗ್ರಹಾಲಯದ ಹೊಣೆಗೆ ನೇಮಿಸಲಾಯಿತು. ಮರುವರ್ಷ ಅದು ತೂಕ ಮತ್ತು ಅಳತೆಗಳ ಕೇಂದ್ರ ಕಚೇರಿಯಾಗಿ ಪುನರ್ರಚನೆಗೊಂಡಿತು. ಮಾದರಿ ತೂಕಗಳನ್ನು ಪರಿಷ್ಕರಿಸಿ, ಮೆಟ್ರಿಕ್ ಪದ್ಧತಿಯನ್ನು ಐಚ್ಛಿಕವಾಗಿ ಬಳಸಲು ಅವಕಾಶ ನೀಡಿದ 1899ರ ಕಾನೂನು ಜಾರಿಗೆ ಬರುವಲ್ಲಿ ಅವರು ಶ್ರಮಿಸಿದರು. ಈ ಕಚೇರಿಯ ಕೆಲಸಕ್ಕೆ ಮಹಿಳೆಯರನ್ನೂ ನೇಮಿಸಿಕೊಂಡರು.

1905ರಲ್ಲಿ ಅವರಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಲಭಿಸಿತು. 1906ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಮಿತಿಯು ಮೆಂಡಲೀವ್ ಅವರ ಹೆಸರನ್ನು ಶಿಫಾರಸು ಮಾಡಿತ್ತಾದರೂ, ಸ್ವೀಡನ್ನಿನ ಅಕಾಡೆಮಿಯು ಅಂತಿಮವಾಗಿ ಫ್ರಾನ್ಸಿನ ಹೆನ್ರಿ ಮುವಾಸಾನ್ ಅವರನ್ನು ಆಯ್ಕೆ ಮಾಡಿತು. ಮೆಂಡಲೀವ್ ಅವರು 1907ರ ಫೆಬ್ರವರಿ 2ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಧನರಾದರು. ಅಂತಿಮ ಯಾತ್ರೆಯಲ್ಲಿ ವಿದ್ಯಾರ್ಥಿಗಳು ಆವರ್ತ ಕೋಷ್ಟಕವನ್ನು ಎತ್ತಿ ಹಿಡಿದು ಸಾಗಿದರು. ತಾಯಿಯ ಸಮಾಧಿಯಿರುವ ವೊಲ್ಕೊವೊ ರುದ್ರಭೂಮಿಯಲ್ಲಿಯೇ ಅವರ ಅಂತ್ಯಕ್ರಿಯೆ ನೆರವೇರಿತು.

1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೃಷ್ಟಿಸಲಾದ 101ನೇ ಧಾತುವಿಗೆ ಅವರ ಗೌರವಾರ್ಥ ಮೆಂಡಲೀವಿಯಂ ಎಂದು ಹೆಸರಿಡಲಾಯಿತು. ಕೋಷ್ಟಕಕ್ಕೆ 150 ವರ್ಷ ತುಂಬಿದ 2019ನೇ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಆವರ್ತ ಕೋಷ್ಟಕ ವರ್ಷವೆಂದು ಘೋಷಿಸಿತ್ತು.

ತರಗತಿಯಲ್ಲಿ ಬಳಸಬಹುದಾದ ಚಟುವಟಿಕೆ

ಮೆಂಡಲೀವ್ ಅವರ ವಿಧಾನವನ್ನು ಪ್ರೌಢಶಾಲೆಯ ತರಗತಿಯಲ್ಲಿ ಖರ್ಚಿಲ್ಲದೆ ಪುನರಾವರ್ತಿಸಬಹುದಾಗಿದೆ.

1. ಮೊದಲ 20 ಧಾತುಗಳ ಹೆಸರು, ಪರಮಾಣು ತೂಕ, ಭೌತಿಕ ಸ್ಥಿತಿ ಹಾಗೂ ಸಂಯೋಗ ಸಾಮರ್ಥ್ಯವನ್ನು ರಟ್ಟಿನ ಚೀಟಿಗಳ ಮೇಲೆ ಬರೆಯುವುದು. ಪರಮಾಣು ಸಂಖ್ಯೆಯನ್ನು ಬರೆಯಬಾರದು.

2. ಸೋಡಿಯಂನ ಚೀಟಿಯನ್ನು ಶಿಕ್ಷಕರು ತಮ್ಮಲ್ಲಿಯೇ ಇಟ್ಟುಕೊಂಡು, ಉಳಿದವುಗಳನ್ನು ತೂಕದ ಏರಿಕೆಯ ಕ್ರಮದಲ್ಲಿ ಜೋಡಿಸಲು ಹಾಗೂ ಸಮಾನ ಗುಣಗಳು ಒಂದರ ಕೆಳಗೊಂದು ಬರುವಂತೆ ಸಾಲುಗಳನ್ನು ಮಾಡಲು ಮಕ್ಕಳಿಗೆ ತಿಳಿಸುವುದು.

3. ತೆರವಾದ ಸ್ಥಾನವನ್ನು ಮಕ್ಕಳೇ ಗುರುತಿಸಿ, ಅಲ್ಲಿರಬೇಕಾದ ಧಾತುವಿನ ತೂಕವನ್ನು ಅಂದಾಜು ಮಾಡುವುದು. ಮೇಲಿರುವ ಲಿಥಿಯಂನದು 7, ಕೆಳಗಿರುವ ಪೊಟ್ಯಾಸಿಯಂನದು 39. ಇವೆರಡರ ಸರಾಸರಿ 23. ಶಿಕ್ಷಕರು ಆಗ ಸೋಡಿಯಂನ ಚೀಟಿಯನ್ನು ತೋರಿಸಬಹುದು.

4. ತೂಕದ ಕ್ರಮವನ್ನು ಪಾಲಿಸಿದರೆ ಆರ್ಗಾನ್ (40) ಮತ್ತು ಪೊಟ್ಯಾಸಿಯಂ (39) ಅದಲುಬದಲಾಗುತ್ತವೆ. ಕ್ರಮವನ್ನು ನಂಬಬೇಕೋ ಗುಣವನ್ನು ನಂಬಬೇಕೋ ಎಂಬ ಚರ್ಚೆಯನ್ನು ಮಕ್ಕಳಲ್ಲಿ ಏರ್ಪಡಿಸಿ, ನಂತರ ಪರಮಾಣು ಸಂಖ್ಯೆ ಮತ್ತು ಎಲೆಕ್ಟ್ರಾನುಗಳ ಹಂಚಿಕೆಯನ್ನು ಪರಿಚಯಿಸುವುದು.

ಕೋಷ್ಟಕವನ್ನು ಕಂಠಪಾಠ ಮಾಡಿಸುವ ಮೊದಲು ಅದು ರೂಪುಗೊಂಡ ಬಗೆಯನ್ನು ತಿಳಿಸಿದಲ್ಲಿ ಪರಮಾಣು ರಚನೆಯ ಪಾಠವು ವಿದ್ಯಾರ್ಥಿಗಳಿಗೆ ಸುಲಭವಾಗುತ್ತದೆ. ದೂರದ ಸೈಬೀರಿಯಾದ ಬಡ ಕುಟುಂಬದ ಬಾಲಕನೊಬ್ಬನು ತಾಯಿಯ ಛಲ, ಸರ್ಕಾರಿ ವಿದ್ಯಾರ್ಥಿವೇತನ ಮತ್ತು ಸ್ವಂತ ಪರಿಶ್ರಮದಿಂದ ತಲುಪಿದ ಎತ್ತರವನ್ನು ಈ ಜೀವನ ಚರಿತ್ರೆಯು ತಿಳಿಸುತ್ತದೆ. ವಿದ್ಯಾರ್ಥಿಗಳು, ಪೋಷಕರು ಹಾಗೂ ಶಿಕ್ಷಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬಹುದಾಗಿದೆ.